ಮುಚ್ಚಿದ ಪೆಟ್ಟಿಗೆಯ ಮೇಲೆ ಕೊಟ್ಟ ಮಾತು

ವಿಮಾನ ಕಂಪನಿಯವನಿಗೆ ನಮ್ಮ ಮನೆಯಲ್ಲಿ ಮೊದಲ ಲೋಟ ಕಾಫಿ ಮಾಡಿಕೊಟ್ಟವಳು ನಾನೇ. ಗಂಡನನ್ನು ಮಣ್ಣು ಮಾಡಿ ಬಂದು ಮನೆಯಲ್ಲಿ ಇನ್ನೂ ಒಲೆ ಹೊತ್ತಿಸಿರಲಿಲ್ಲ. ಅಕ್ಕಪಕ್ಕದ ತೋಟದವರು ಊಟ ತಂದುಕೊಡುತ್ತಿದ್ದರು. ಆದರೂ ಯಾರೋ ದೂರದಿಂದ ಬಂದಿದ್ದಾರೆ ಅಂದಾಗ ಎದ್ದು ಹೋಗಿ ಹಾಲು ಕಾಯಿಸಿದೆ. ಅವನು ಕುಡಿದು, "ತುಂಬ ಚೆನ್ನಾಗಿದೆ ಮೇಡಂ, ನಿಮ್ಮದೇ ತೋಟದ್ದಾ?" ಎಂದು ಕೇಳಿದ. ಹೌದು ಎಂದೆ. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ಗೋಣಿಬೀಡಿನಿಂದ ಒಳಗೆ ಹೋದರೆ ನಮ್ಮ ತೋಟ. ಎಸ್ಟೇಟ್ ಎಂದು ಬೋರ್ಡು ಹಾಕಿಕೊಳ್ಳುವಷ್ಟು ದೊಡ್ಡದಲ್ಲ. ಅರೇಬಿಕಾ ಕಾಫಿ, ಅದರ ನಡುವೆ ಮೆಣಸು. ಮಾವ, ಅತ್ತೆ, ನಾವಿಬ್ಬರು, ಮೂಡಿಗೆರೆಯಲ್ಲಿ ಓದುವ ಮಗಳು. ನನ್ನ ಗಂಡ ಹೊರರಾಜ್ಯದಲ್ಲಿ ನಡೆದ ಮೆಣಸು ಬೆಳೆಗಾರರ ಸಭೆಗೆ ಹೊರಟಿದ್ದರು. ಕೊಯ್ಲಿನ ಸಮಯದಲ್ಲಿ ಯಾಕೆ ಹೋಗುತ್ತೀರಿ ಎಂದು ನಾನು ಜಗಳ ಮಾಡಿದ್ದೆ. ವಿಮಾನದಲ್ಲಿ ಹೋಗಿ ವಿಮಾನದಲ್ಲಿ ಬರುವುದು, ಕಣದಲ್ಲಿ ಹಾಕಿದ ಕಾಫಿ ಒಣಗುವುದರೊಳಗೆ ಬಂದಿರುತ್ತೇನೆ ಎಂದರು. ವಿಮಾನ ಇಳಿಯುವ ಮೊದಲೇ ಬಿತ್ತು. ಮನೆಗೆ ಬಂದದ್ದು ಮೊಳೆ ಹೊಡೆದ ಪೆಟ್ಟಿಗೆ. ತೆರೆಯಕೂಡದು ಎಂದು ಅದರ ಜೊತೆ ಬಂದವರು ಹೇಳಿದರು. ಅತ್ತೆ ಆ ಪೆಟ್ಟಿಗೆಯ ಸುತ್ತ ಕೈಯಾಡಿಸುತ್ತಾ, ತಲೆ ಯಾವ ಕಡೆ ಇದೆ ಎಂದು ಒಬ್ಬೊಬ್ಬರನ್ನೂ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ.

ಕಾಫಿ ಕುಡಿದ ಆ ಹುಡುಗನನ್ನು ಕಂಪನಿ ನಮ್ಮ ಮನೆಗೆಂದೇ ನೇಮಿಸಿತ್ತು. ಸತ್ತವರ ಮನೆಗೆ ಒಬ್ಬೊಬ್ಬರಂತೆ ಕಳಿಸುತ್ತಾರಂತೆ. ಅದು ನನಗೆ ಆಮೇಲೆ ತಿಳಿಯಿತು. ಆಗ ಅವನು ದುಃಖಕ್ಕೆ ಬಂದವನು ಎಂದೇ ನಾವೆಲ್ಲ ತಿಳಿದಿದ್ದೆವು. ಮೂಡಿಗೆರೆಯ ಲಾಡ್ಜಿನಲ್ಲಿ ಇಳಿದುಕೊಂಡು ದಿನಾ ಬೆಳಿಗ್ಗೆ ಬರುತ್ತಿದ್ದ. ಒಳ್ಳೆಯ ಕನ್ನಡ, ಮೆತ್ತಗಿನ ದನಿ. ಅತ್ತೆಯನ್ನು ಅಮ್ಮ ಎನ್ನುತ್ತಿದ್ದ. ಬಂದವರಿಗೆ ಕುರ್ಚಿ ಹಾಕಿದ, ಶಾಮಿಯಾನದವನಿಗೆ ಫೋನ್ ಮಾಡಿದ, ಮಾವನ ಬಿಪಿ ಮಾತ್ರೆ ಮುಗಿದಾಗ ಪೇಟೆಯಿಂದ ತಂದುಕೊಟ್ಟ. ನಮ್ಮ ನೆಂಟರೆಲ್ಲ ಹೊಗಳಿದ್ದೇ ಹೊಗಳಿದ್ದು. "ಎಷ್ಟು ಒಳ್ಳೆ ಹುಡುಗ ಮಾರಾಯ್ತಿ, ಈ ಕಾಲದಾಗೆ ಯಾರು ಹಿಂಗೆ ಮಾಡ್ತಾರೆ" ಎಂದು ನನ್ನ ಚಿಕ್ಕಮ್ಮ ಕಣ್ಣೊರೆಸಿಕೊಂಡಳು. ಸಂಬಳ ಕೊಟ್ಟರೆ ಮಾಡುತ್ತಾರೆ ಎಂದು ಹೇಳಲು ನನಗೆ ಆಗ ತಿಳಿವಳಿಕೆ ಇರಲಿಲ್ಲ. ತಿಥಿಯ ದಿನ ಅವನು ನಮ್ಮವರ ಸಾಲಿನಲ್ಲೇ ಕೂತು ಉಂಡ. ಅತ್ತೆ ಅವನ ಎಲೆಗೆ ಎರಡನೇ ಸಲ ಪಾಯಸ ಬಡಿಸಿದರು.

ಮಾರನೇ ದಿನ ಬ್ಯಾಗಿನಿಂದ ಕಾಗದ ತೆಗೆದ. ನನ್ನ ಹತ್ತಿರ ಬರಲಿಲ್ಲ. ನೇರ ಜಗಲಿಗೆ ಹೋಗಿ ಮಾವನ ಪಕ್ಕದಲ್ಲಿ ಕೂತ.

ಒಳಗಿದ್ದ ನನಗೆ ಅವನ ದನಿ ಮಾತ್ರ ಕೇಳುತ್ತಿತ್ತು. ನಿಮ್ಮಂಥ ಹಿರಿಯರು, ಈ ವಯಸ್ಸಿನಲ್ಲಿ ಕೋರ್ಟು ಕಚೇರಿ ಅಲೆಯಬಾರದು, ಕಂಪನಿ ತಾನಾಗಿ ಕೊಡುತ್ತಿದೆ, ಉಳಿದ ಮನೆಗಳವರೂ ಒಪ್ಪಿದ್ದಾರೆ, ಎಲ್ಲರ ಒಂದೊಂದು ಸಹಿ ಆದರೆ ಮುಗಿಯಿತು, ಎಂದು ಮಗನಿಗಿಂತ ಹೆಚ್ಚು ಅಕ್ಕರೆಯಿಂದ ಹೇಳುತ್ತಿದ್ದ. ಮಾವ ಅವನಿಗೆ ಪೂರ್ತಿ ಹೇಳಿ ಮುಗಿಸಲು ಬಿಟ್ಟರು. ಆಮೇಲೆ, "ಆಯ್ತು ಕಣಪ್ಪ. ಶುಕ್ರವಾರ ಬಾ. ಮನೆಯೋರೆಲ್ಲ ಸೈನ್ ಹಾಕ್ತಾರೆ. ನಾನು ಮಾತು ಕೊಟ್ಟಿದೀನಿ" ಎಂದರು.

ನಮ್ಮ ಕಡೆ ಮಾತು ಕೊಡುವುದು ಎಂದರೆ ಏನು ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಇಲ್ಲಿ ಕಾಫಿ ಮಾರುವುದೇ ಬಾಯಿಮಾತಿನ ಮೇಲೆ. ವ್ಯಾಪಾರಿ ಬರುತ್ತಾನೆ, ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ ಪಾರ್ಚ್‌ಮೆಂಟ್ ನೋಡುತ್ತಾನೆ, ರೇಟು ಹೇಳುತ್ತಾನೆ, ಆಯ್ತು ಎಂದರೆ ಆಯ್ತು. ಲಾರಿ ಬರುವುದರೊಳಗೆ ರೇಟು ಎಷ್ಟೇ ಏರಲಿ, ಆಡಿದ ಮಾತಿನಂತೆ ಮೂಟೆ ಹೋಗಬೇಕು. ಒಂದು ವರ್ಷ ಮಾವ ಒಪ್ಪಿಕೊಂಡ ಮೇಲೆ ರೇಟು ಸಿಕ್ಕಾಪಟ್ಟೆ ಏರಿತು. ಆ ವ್ಯಾಪಾರಿಯೇ ನಾಚಿಕೊಂಡು, ಬೇಕಾದರೆ ಅರ್ಧ ಲೋಡು ಮಾತ್ರ ಕೊಡಿ ಎಂದನಂತೆ. ಮಾವ ಪೂರ್ತಿ ಲೋಡು ತುಂಬಿಸಿ ಕಳಿಸಿದರು. ಅದನ್ನು ಗೋಣಿಬೀಡಿನ ಅಂಗಡಿಗಳಲ್ಲಿ ಇವತ್ತಿಗೂ ಹೇಳುತ್ತಾರೆ. ನಾನು ಮದುವೆಯಾಗಿ ಬಂದಾಗ ನನಗೂ ಅದನ್ನು ಕೇಳಿ ಹೆಮ್ಮೆಯಾಗಿತ್ತು. ಅಂಥ ಮನೆಯ ಜಗಲಿಯಲ್ಲಿ ಆ ಹುಡುಗ ದಿನಗಟ್ಟಲೆ ಕೂತು, ಯಾರ ಮಾತು ನಡೆಯುತ್ತದೆ, ಯಾರದು ನಡೆಯುವುದಿಲ್ಲ ಎಂದು ನೋಡಿಕೊಂಡಿದ್ದ.

ನಾನು ಹೊರಗೆ ಬಂದು ಕಾಗದ ಕೇಳಿದೆ. ಅವನು ಮಾವನ ಮುಖ ನೋಡಿದ. ಮಾವ ಕೊಡು ಎಂದು ತಲೆಯಾಡಿಸಿದ ಮೇಲೆಯೇ ಅದು ನನ್ನ ಕೈಗೆ ಬಂತು. ನಾನು ಚಿಕ್ಕಮಗಳೂರಿನಲ್ಲಿ ಬಿಕಾಂ ಮಾಡಿದವಳು. ತೋಟದ ಬ್ಯಾಂಕಿನ ಕಾಗದಗಳನ್ನು ಓದಿ ಅಭ್ಯಾಸವಿತ್ತು. ಇದನ್ನು ಎರಡು ಸಲ ಓದಬೇಕಾಯಿತು, ಇಂಗ್ಲಿಷು ಕಷ್ಟವಾಗಿ ಅಲ್ಲ, ಇಷ್ಟು ನಾಚಿಕೆಗೆಟ್ಟು ಬರೆಯುತ್ತಾರಾ ಎಂದು ನಂಬಲಾಗದೆ. ಅದರಲ್ಲಿದ್ದದ್ದು ಇಷ್ಟು: ಕಂಪನಿ ಕೊಟ್ಟ ಹಣದಿಂದ ನಮಗೆ ಪೂರ್ಣ ತೃಪ್ತಿಯಾಗಿದೆ. ಇನ್ನು ಮುಂದೆ ಈ ಸಾವಿನ ಬಗ್ಗೆ ಕಂಪನಿಯನ್ನಾಗಲಿ, ವಿಮಾನ ಕಟ್ಟಿದವರನ್ನಾಗಲಿ, ಅದರ ಭಾಗಗಳನ್ನು ಮಾಡಿದವರನ್ನಾಗಲಿ, ರಿಪೇರಿ ಮಾಡಿದವರನ್ನಾಗಲಿ, ಯಾವ ದೇಶದ ಯಾವ ಕೋರ್ಟಿನಲ್ಲೂ ನಾವು ಏನನ್ನೂ ಕೇಳುವುದಿಲ್ಲ. ತೃಪ್ತಿ ಅಂತೆ! ಮದುವೆ ಮನೆಯಲ್ಲಿ ಉಂಡೆದ್ದವರ ಹಾಗೆ.

"ವಿಮಾನ ಯಾಕೆ ಬಿತ್ತು?" ಎಂದು ಕೇಳಿದೆ.

"ತನಿಖೆ ನಡೀತಾ ಇದೆ ಮೇಡಂ."

"ತನಿಖೆ ಮುಗಿಯೋ ಮೊದ್ಲೇ ಏನೂ ಕೇಳಲ್ಲ ಅಂತ ನಾನ್ಯಾಕೆ ಬರ್ಕೊಡ್ಲಿ?"

"ಅದು ಬರೀ ಫಾರ್ಮಾಲಿಟಿ ಮೇಡಂ. ಇದಾಗದೆ ಸದ್ಯದ ಖರ್ಚಿಗೆ ಕೊಡೋ ತುರ್ತಿನ ಹಣಾನೂ ರಿಲೀಸ್ ಆಗಲ್ಲ. ನಿಮ್ಮ ಮಗಳ ಓದಿಗೆ ತೊಂದರೆ ಆಗಬಾರದು ಅಂತ ನಾನು ಹೇಳ್ತಿರೋದು."

ನನ್ನ ಮಗಳ ಓದು! ಪಾಯಸ ಉಂಡ ಬಾಯಲ್ಲೇ ಅವಳ ಹೆಸರು ಎತ್ತಿದ. ನಾನು ಏನು ಅಂದೆನೋ ಪೂರ್ತಿ ನೆನಪಿಲ್ಲ. ದನಿ ಏರಿತ್ತು ಎನ್ನುವುದು ನೆನಪಿದೆ. ಕಣದಲ್ಲಿ ಕಾಫಿ ಕೆದಕುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ತಿರುಗಿ ನೋಡಿದರು. ಮಾವ ಮಾತ್ರ, "ಮನೆಗೆ ಬಂದೋರ ಹತ್ರ ಹಂಗೆಲ್ಲ ಮಾತಾಡಬಾರದಮ್ಮ" ಎಂದರು. ಮನೆಗೆ ಬಂದವರು! ಅವನು ಆಗಲೂ ನೆಂಟನೇ ಆಗಿದ್ದ, ಜಗಳಗಂಟಿ ಮಾತ್ರ ನಾನು.

ಮಾರನೇ ದಿನ ಬೆಳಿಗ್ಗೆಯೇ ಚಿಕ್ಕಮಗಳೂರಿಗೆ ಹೊರಟೆ. ಕಾಗದದ ಫೋಟೋ ಫೋನಿನಲ್ಲಿ ತೆಗೆದುಕೊಂಡಿದ್ದೆ. ವಸ್ತಾರೆಯಲ್ಲಿ ನಮ್ಮ ದೂರದ ನೆಂಟರೊಬ್ಬರು ಬಸ್ ಹತ್ತಿ ಪಕ್ಕದಲ್ಲೇ ಬಂದು ಕೂತರು. ಎಲ್ಲಿಗೆ ಎಂದರು. ಲಾಯರ ಹತ್ತಿರ ಎಂದೆ. ಅವರು ದನಿ ತಗ್ಗಿಸಿ, "ಹೋದೋರ ಹೆಸರಲ್ಲಿ ದುಡ್ಡಿಗೆ ಜಗ್ಗಾಡದು ಚಂದ ಅಲ್ಲಮ್ಮ. ಕೊಟ್ಟಷ್ಟು ತಗಂಡು ಸುಮ್ನಿರದು. ನಾಲ್ಕು ಜನ ಏನಂತಾರೆ?" ಎಂದರು. ಮೂರು ಸಾಲು ಮೆಣಸಿನ ಬಳ್ಳಿಗಾಗಿ ಸ್ವಂತ ಅಣ್ಣನ ಮೇಲೆ ವರ್ಷಗಟ್ಟಲೆ ಕೇಸು ನಡೆಸಿದ ಮನುಷ್ಯ ಇವರು. ಬಳ್ಳಿಗೆ ಕೋರ್ಟು ಹತ್ತಬಹುದು, ಗಂಡನಿಗೆ ಹತ್ತಬಾರದು. ಅದನ್ನು ಅವರ ಮುಖಕ್ಕೇ ಹೇಳಿದೆ. ಅವರು ಮುಂದಿನ ಸೀಟು ಖಾಲಿಯಾದಾಗ ಎದ್ದು ಹೋದರು.

ಕಂಪನಿ ಕೊಡುತ್ತೇನೆ ಎಂದದ್ದು ಎಷ್ಟು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ಅದೊಂದನ್ನೇ ನೆನಪಿಟ್ಟುಕೊಳ್ಳುತ್ತಾರೆ. ನಮ್ಮೂರಿನಲ್ಲೂ ಹಾಗೇ ಆಯಿತು. ಕೊಟ್ಟಿಗೆಹಾರದ ಹೋಟೆಲುಗಳಲ್ಲಿ ಕೂತವರು ನನ್ನ ಗಂಡನಿಗೆ ರೇಟು ಕಟ್ಟುತ್ತಿದ್ದಾರೆ ಎಂದು ನಮ್ಮ ಜೀಪಿನ ಡ್ರೈವರೇ ಬಂದು ಹೇಳಿದ.

ಲಾಯರು ನನ್ನ ವಯಸ್ಸಿನ ಹೆಂಗಸು. ಅವರ ಆಫೀಸು ಬಟ್ಟೆ ಅಂಗಡಿಯ ಮೇಲಿನ ಒಂದೇ ಕೋಣೆ. ನಾನು ಅಳುತ್ತೇನೆ ಎಂದು ಕಾದು, ಅಳದೇ ಇದ್ದದ್ದನ್ನು ಕಂಡು, ಕಾಗದ ಓದಲು ಶುರುಮಾಡಿದರು. ಓದುತ್ತಾ ಓದುತ್ತಾ ಅವರ ಮುಖವೂ ಕೆಂಪಾಯಿತು. ಅದನ್ನು ನೋಡಿ ನನಗೆ ಎಷ್ಟೋ ದಿನದ ಮೇಲೆ ಸ್ವಲ್ಪ ಸಮಾಧಾನವಾಯಿತು.

"ಸರಿಯಾಗಿ ಕೇಳಿಸ್ಕೊಳ್ಳಿ" ಎಂದರು. "ವಿಮಾನದಲ್ಲಿ ಪ್ರಯಾಣಿಕರು ಸತ್ತರೆ ಒಂದು ಮಿತಿಯವರೆಗೆ ಕಂಪನಿ ಕೊಡಲೇಬೇಕು. ತಪ್ಪು ಯಾರದು ಅಂತ ನೀವು ಸಾಬೀತು ಮಾಡಬೇಕಾಗಿಲ್ಲ. ಅದು ಅವರ ದಾನ ಅಲ್ಲ, ಕಾನೂನು. ಆ ಮಿತಿ ದಾಟಿ ನೀವು ಕೇಳಿದರೆ, ನಮ್ಮದೇನೂ ತಪ್ಪಿಲ್ಲ ಅಂತ ಅವರು ತೋರಿಸಬೇಕು. ಈ ಕಾಗದಕ್ಕೆ ಸಹಿ ಹಾಕಿದರೆ ಅವರು ಏನನ್ನೂ ತೋರಿಸಬೇಕಾಗಿಲ್ಲ. ಅದಕ್ಕೇ ಇಷ್ಟು ಅವಸರ."

ತುರ್ತಿನ ಹಣ ಸಿಗುವುದಿಲ್ಲವಂತಲ್ಲ ಎಂದೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ತುರ್ತಿಗೆ ತೆಗೆದುಕೊಂಡರೆ ಉಳಿದ ಹಕ್ಕು ಹೋಗುವುದಿಲ್ಲ, ಕೊನೆಗೆ ಬರುವುದರಲ್ಲಿ ಅದನ್ನು ಮುರಿದುಕೊಳ್ಳುತ್ತಾರೆ ಅಷ್ಟೆ ಎಂದರು. ದಾವೆ ಹೂಡಲು ಎರಡು ವರ್ಷದ ಗಡುವು ಇದೆ, ಅದನ್ನು ಮಾತ್ರ ದಾಟಿಸಬೇಡಿ, ಮಾತುಕತೆ ನಡೆಯುತ್ತಿದೆ ಎಂದು ಕಂಪನಿಯವರು ಎಷ್ಟೇ ಸವರಿದರೂ ಕಾಯಬೇಡಿ ಎಂದರು. ನಾನು ಮಾವ ಮಾತು ಕೊಟ್ಟದ್ದನ್ನು ಹೇಳಿದೆ.

"ಅವರು ಯಾರ ಪರವಾಗಿ ಕೊಟ್ಟರು? ಇದು ತೋಟದ ಯಜಮಾನಿಕೆ ಅಲ್ಲ. ಹೆಂಡತಿ, ಮಗಳು, ತಾಯಿ, ತಂದೆ, ಎಲ್ಲರದೂ ಹಕ್ಕು ಇದು. ಮನೆಗೆ ಹಿರಿಯರು ಅಂತ ಒಬ್ಬರು ಎಲ್ಲರದನ್ನೂ ಬಿಟ್ಟುಕೊಡೋಕೆ ಆಗಲ್ಲ. ನೀವು ಹಾಕಬೇಡಿ. ನಿಮ್ಮ ಅತ್ತೆ ಹತ್ರಾನೂ ಹಾಕಿಸಬೇಡಿ."

ಅತ್ತೆ! ಬಸ್ಸಿನಲ್ಲಿ ಬರುತ್ತಾ ನನಗೆ ಅದೇ ಚಿಂತೆ. ಮಾವ ಇಟ್ಟ ಕಾಗದಕ್ಕೆ, ಮಾವ ತೋರಿಸಿದ ಜಾಗದಲ್ಲಿ ಸಹಿ ಹಾಕುವುದನ್ನು ಬಿಟ್ಟು ಅವರು ಬೇರೇನೂ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಬೆಳೆ ಸಾಲದ ಕಾಗದ ಬಂದಾಗ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಹಾಕಿ ಮತ್ತೆ ಅಡುಗೆಮನೆಗೆ ಹೋಗುತ್ತಿದ್ದರು. ಓದಿ ನೋಡಿದ್ದರೂ ನಾನೂ ಹಾಗೆಯೇ ಹಾಕಿದ್ದೆ. ನಮ್ಮ ತೋಟಗಳಲ್ಲಿ ಹೆಂಗಸರ ಸಹಿ ಹೀಗೆಯೇ.

ಗುರುವಾರ ರಾತ್ರಿ ಊಟಕ್ಕೆ ಕೂತಾಗ ಲಾಯರು ಹೇಳಿದ್ದನ್ನೆಲ್ಲ ಮಾವನಿಗೆ ಹೇಳಿದೆ. ಮಾವ ತಟ್ಟೆ ನೋಡುತ್ತಾ ಕೇಳಿಸಿಕೊಂಡರು. "ಎಲ್ಲ ಸರಿ ಇರಬಹುದು. ನಾನು ಕೊಟ್ಟ ಮಾತು ಏನಾಗಬೇಕು?" ಎಂದರು.

"ನನ್ನ ಗಂಡ ಏನಾದರು ಮಾವ? ಅದನ್ನ ಕೇಳಬಾರದಾ?"

"ಕೇಳಿದ್ರೆ ಬರ್ತಾನೇನಮ್ಮ ಅವನು?"

ಬಾಯಿ ಮುಚ್ಚಿಸಲೆಂದೇ ಎಲ್ಲರೂ ಆ ಪ್ರಶ್ನೆ ಕೇಳುತ್ತಾರೆ. ಬರುವುದಿಲ್ಲ, ಗೊತ್ತು. ಬರುವುದಿಲ್ಲ ಎಂದ ಮಾತ್ರಕ್ಕೆ ಬೀಳಿಸಿದವರು ಯಾರಿಗೂ ಏನೂ ಹೇಳಬೇಕಾಗಿಲ್ಲವೇ? ನಾನು ತಟ್ಟೆ ಎತ್ತಿಕೊಂಡು ಎದ್ದೆ. ಮಾವನ ಮೇಲೆ ಅಷ್ಟು ಕೋಪ ನನಗೆ ಯಾವತ್ತೂ ಬಂದಿರಲಿಲ್ಲ. ಸತ್ತದ್ದು ಅವರ ಮಗನೂ ಹೌದು ಎನ್ನುವುದು ಗೊತ್ತಿದ್ದರಿಂದ ಆ ಕೋಪ ಇನ್ನೂ ಕಹಿಯಾಗಿತ್ತು. ಅತ್ತೆ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ತೊಳೆಯಲು ಹೋದರು.

ಶುಕ್ರವಾರ ಅವನು ಬಂದ. ಸಾಕ್ಷಿಗೆ ಎಂದು ಇನ್ನೊಬ್ಬನನ್ನೂ ಕರೆತಂದಿದ್ದ. ಬಿಸಿಲು ಚೆನ್ನಾಗಿತ್ತು, ಕಣದ ತುಂಬ ಪಾರ್ಚ್‌ಮೆಂಟ್ ಹರಡಿತ್ತು. ಜಗಲಿಯ ಮೇಜಿನ ಮೇಲೆ ಕಾಗದ ಜೋಡಿಸಿ, ಸಹಿ ಹಾಕಬೇಕಾದ ಕಡೆಗಳಲ್ಲಿ ಹಳದಿ ಚೀಟಿ ಅಂಟಿಸಿದ. ನಾನು ಬಾಗಿಲಲ್ಲಿ ನಿಂತು, ನಾನು ಹಾಕುವುದಿಲ್ಲ, ನನ್ನ ಮಗಳ ಪರವಾಗಿಯೂ ಹಾಕುವುದಿಲ್ಲ ಎಂದೆ. ಅವನಿಗೆ ಅದು ಗೊತ್ತಿದ್ದಂತೆ ಕಂಡಿತು. ನನಗೆ ಆಮೇಲೆ ತಿಳಿ ಹೇಳಿಸಿದರಾಯಿತು ಎಂದುಕೊಂಡನೋ ಏನೋ, ಪೆನ್ನನ್ನು ಅತ್ತೆಯ ಕಡೆ ಚಾಚಿದ.

"ಮೊದಲು ಅಮ್ಮ ಹಾಕಲಿ" ಎಂದ. "ಹೆತ್ತ ತಾಯಿ."

ಅತ್ತೆ ಪೆನ್ನು ತೆಗೆದುಕೊಳ್ಳಲಿಲ್ಲ. ಮಾವನ ಕಡೆ ತಿರುಗಿದರು.

"ಅಲ್ಲ, ನಂಗೊಂದು ಹೇಳಿ" ಎಂದರು. "ಆ ವರ್ಷ ರೇಟು ಏರಿದ್ರೂ ಲೋಡು ಕೊಟ್ರಲ್ಲ, ಅದಕ್ಕೂ ಮೊದ್ಲು ಕಾಫಿ ಸಾವ್ಕಾರ್ರು ಬಂದು ಏನು ಮಾಡಿದ್ರು?"

ಮಾವನಿಗೆ ಅರ್ಥವಾಗಲಿಲ್ಲ. "ಏನು ಮಾಡಿದ್ರು?"

"ಮೂಟೆ ಒಳಗೆ ಕೈ ಹಾಕಿದ್ರು. ಬೇಳೆ ತೆಗೆದು ಹಲ್ಲಲ್ಲಿ ಕಚ್ಚಿ ನೋಡಿದ್ರು. ಸ್ಯಾಂಪಲ್ ತಗಂಡು ಹೋಗಿ ಎಷ್ಟು ಬೇಳೆ ಇಳಿಯತ್ತೆ ಅಂತ ಔಟ್‌ಟರ್ನ್ ತೆಗೆಸಿದ್ರು. ನೀವೂ ನೋಡಿದ್ರಿ, ಅವ್ರೂ ನೋಡಿದ್ರು. ಆಮೇಲೆ ಮಾತು ಕೊಟ್ರಿ. ನೋಡದೆ ಯಾವತ್ತಾದ್ರೂ ಮಾತು ಕೊಟ್ಟಿದ್ದು ಉಂಟಾ?"

ಮಾವ ಇಲ್ಲ ಎಂದು ತಲೆಯಾಡಿಸಿದರು.

"ಇಲ್ಲಿ ಏನು ನೋಡಿದ್ರಿ? ನನ್ನ ಮಗನ ಮುಖಾನೂ ತೋರಿಸ್ಲಿಲ್ಲ ಇವ್ರು. ಯಾಕೆ ಬಿತ್ತು ಅಂದ್ರೆ ಗೊತ್ತಿಲ್ಲ ಅಂತಾರೆ. ಏನು ಅಂತಲೇ ನೋಡದೆ ಎಂಥ ಮಾತು ಕೊಟ್ರಿ ನೀವು? ಯಾವ ವ್ಯಾಪಾರದಾಗೆ ಹಿಂಗೆ ಉಂಟು?"

ಆ ಹುಡುಗ, "ಅಮ್ಮ, ನೀವು ತಪ್ಪು ತಿಳ್ಕೊಬೇಡಿ" ಎಂದು ಶುರುಮಾಡಿದ. ಅತ್ತೆ ಅವನನ್ನು ನೋಡಿದ ರೀತಿಗೆ ಅರ್ಧಕ್ಕೇ ನಿಲ್ಲಿಸಿದ. "ನನ್ನ ಅಮ್ಮ ಅನ್ನಬ್ಯಾಡ" ಎಂದು ಅವರು ಎದ್ದು ಒಳಗೆ ಹೋದರು.

ಮಾವ ಹಳದಿ ಚೀಟಿಗಳನ್ನು ಒಂದೊಂದಾಗಿ ಕಿತ್ತರು. ಕೊನೆಗೆ ಕಾಗದಗಳನ್ನು ತಾವೇ ಜೋಡಿಸಿ ಅವನ ಕೈಗೆ ಕೊಟ್ಟು, "ಹೋಗಿ ಬನ್ನಿ" ಎಂದರು. ಅದುವರೆಗೆ ಏಕವಚನದಲ್ಲಿ ಕರೆಯುತ್ತಿದ್ದವನಿಗೆ ಅಂದು ಬಹುವಚನ. ಅಮ್ಮ ಅಮ್ಮ ಎನ್ನುತ್ತಿದ್ದವನು ಆಮೇಲೆ ಒಂದು ಫೋನನ್ನೂ ಮಾಡಲಿಲ್ಲ. ಕಂಪನಿಯವರು ಅವನನ್ನು ಬೇರೆ ಕೆಲಸಕ್ಕೆ ಹಾಕಿರಬೇಕು. ಅವನು ಕೆಟ್ಟವನೇ ಎಂದು ಲಾಯರು ಒಮ್ಮೆ ನನ್ನನ್ನು ಕೇಳಿದರು. ನನಗೆ ಗೊತ್ತಿಲ್ಲ. ಅವನು ತಂದ ಮಾತ್ರೆ ನಿಜವಾದ ಮಾತ್ರೆಯೇ ಆಗಿತ್ತು. ಅದೇ ನನಗೆ ಹೆಚ್ಚು ಸಿಟ್ಟು ತರಿಸುತ್ತದೆ.

ಗಡುವಿನೊಳಗೆ ಬೆಂಗಳೂರಿನಲ್ಲಿ ದಾವೆ ಹೂಡಿದೆವು. ಟಿಕೆಟ್ ತೆಗೆದದ್ದು ಅಲ್ಲಿ, ಕಂಪನಿಯ ಕಚೇರಿಯೂ ಅಲ್ಲಿ. ಆಮೇಲಿನದು ಕೋರ್ಟಿಗೆ ಹೋದವರಿಗೆಲ್ಲ ಗೊತ್ತಿರುವಂಥದ್ದು. ದಿನಾಂಕ ಕೊಡುತ್ತಾರೆ, ಹೋಗುತ್ತೇವೆ, ಅವರ ವಕೀಲರು ಬಂದಿರುವುದಿಲ್ಲ. ತನಿಖೆಯ ವರದಿ ಎಲ್ಲಿ ಎಂದರೆ ಇನ್ನೂ ಪೂರ್ಣವಾಗಿಲ್ಲ. ಕೊಯ್ಲಿನ ನಡುವೆ, ಗಿಡ ಸವರುವ ಕಪಾತಿನ ನಡುವೆ, ಮೇಸ್ತ್ರಿಗೆ ತೋಟ ಒಪ್ಪಿಸಿ ಬಸ್ಸು ಹತ್ತುವುದು, ಬರಿಗೈಯಲ್ಲಿ ಬರುವುದು. ಮಾವ ಒಂದು ಸಲವೂ ನಮ್ಮ ಜೊತೆ ಬರಲಿಲ್ಲ. ದಾವೆಯ ಕಾಗದಕ್ಕೆ ಸಹಿ ಹಾಕಿದ್ದರು, ಆದರೆ ಅದರ ಬಗ್ಗೆ ಒಂದು ಮಾತೂ ಕೇಳುತ್ತಿರಲಿಲ್ಲ. ಪೇಟೆಗೆ ಹೋಗುವುದನ್ನೂ ಕಡಿಮೆ ಮಾಡಿದ್ದರು. ವ್ಯಾಪಾರಿ ಬಂದರೆ ರೇಟು ಮಾತಾಡಲು ನನ್ನನ್ನೇ ಕರೆಯುತ್ತಿದ್ದರು. ನಾನೂ ಏನೂ ಕೇಳಲಿಲ್ಲ. ಕೇಳುವಷ್ಟು ಮನಸ್ಸು ನನಗಿನ್ನೂ ತಿಳಿಯಾಗಿರಲಿಲ್ಲ.

ಕಂಪನಿಯ ವಕೀಲರು ತಮ್ಮ ಉತ್ತರ ಹಾಕಿದಾಗ ಅದರಲ್ಲಿ ಏನಿತ್ತು ಗೊತ್ತೇ? ಕುಟುಂಬದ ಹಿರಿಯರು ತಾವಾಗಿಯೇ ಪೂರ್ಣ ಮನಸ್ಸಿನಿಂದ ಒಪ್ಪಿದ್ದರು, ಮಾತನ್ನೂ ಕೊಟ್ಟಿದ್ದರು, ಆನಂತರ ಸೊಸೆ ದುರಾಸೆಯಿಂದ ಅದನ್ನು ಕೆಡಿಸಿದಳು. ದುರಾಸೆಯ ಸೊಸೆ ಎಂದು ನನ್ನನ್ನು ಬರೆದದ್ದಕ್ಕೆ ನನಗೇನೂ ಅನಿಸಲಿಲ್ಲ. ಬರೆದುಕೊಳ್ಳಲಿ. ನಮ್ಮ ಜಗಲಿಯಲ್ಲಿ, ತಿಥಿಯ ಮಾರನೇ ದಿನ, ಮುದುಕರೊಬ್ಬರು ಆಡಿದ ಮಾತನ್ನು ಇವರು ಹೊತ್ತುಕೊಂಡು ಹೋಗಿ ಇಷ್ಟು ವರ್ಷ ಜೋಪಾನ ಮಾಡಿದ್ದರಲ್ಲ, ಅದಕ್ಕೆ ಆ ಕಾಗದವನ್ನು ಲಾಯರ ಮೇಜಿನ ಮೇಲೆ ಎಸೆದೆ. ಅವರು ಹೀಗೆ ಬರೆದ ಮೇಲೆ ಮಾವನನ್ನೇ ಸಾಕ್ಷಿಗೆ ಕರೆಸದೆ ಬೇರೆ ದಾರಿಯಿಲ್ಲ ಎಂದರು ಲಾಯರು.

ಮಾವ ಬಿಳಿ ಪಂಚೆ ಉಟ್ಟು, ಕೋಟು ಹಾಕಿಕೊಂಡು ಬಂದರು. ಸಾಕ್ಷಿ ಹೇಳುವ ಕಟಕಟೆ ಹತ್ತಲು ಕೈ ಹಿಡಿಯಹೋದೆ, ಬೇಡ ಎಂದರು. ಕಂಪನಿಯ ವಕೀಲರು ಬಹಳ ಮರ್ಯಾದೆಯಿಂದ ಶುರುಮಾಡಿದರು. ನಿಮ್ಮ ಕಡೆ ಕಾಫಿ ವ್ಯಾಪಾರವೆಲ್ಲ ಬಾಯಿಮಾತಿನ ಮೇಲೆ ನಡೆಯುತ್ತದೆ, ನಿಜವೇ? ನಿಜ. ಕೊಟ್ಟ ಮಾತಿಗೆ ನೀವು ಒಮ್ಮೆಯೂ ತಪ್ಪಿಲ್ಲ ಎಂದು ನಿಮ್ಮ ಊರಿನಲ್ಲಿ ಹೆಸರಿದೆ, ನಿಜವೇ? ಅದನ್ನೂ ತಿಳಿದುಕೊಂಡು ಬಂದಿದ್ದರು! ಕಂಪನಿಯ ಪ್ರತಿನಿಧಿಗೆ ನೀವು ಮಾತು ಕೊಟ್ಟಿದ್ದಿರಿ, ಹೌದೋ ಅಲ್ಲವೋ?

ಸುಳ್ಳು ಹೇಳಬಹುದಿತ್ತು. ಬರವಣಿಗೆಯಲ್ಲಿ ಏನೂ ಇರಲಿಲ್ಲ. ನೆನಪಿಲ್ಲ ಎಂದರೆ ಆ ವಯಸ್ಸಿನವರನ್ನು ಯಾರೂ ಕೇಳುತ್ತಿರಲಿಲ್ಲ.

"ಕೊಟ್ಟಿದ್ದೆ" ಎಂದರು ಮಾವ. ನ್ಯಾಯಾಧೀಶರ ಕಡೆ ತಿರುಗಿ ಕೈ ಮುಗಿದರು. "ಸ್ವಾಮಿ, ಕೊಟ್ಟಿದ್ದೆ. ಆ ಮಾತಿಗೆ ನಾನು ತಪ್ಪಿದೀನಿ. ನನ್ನ ಸೊಸೆ ತಪ್ಪಿಸಿದ್ದಲ್ಲ. ನಾನೇ ತಪ್ಪಿದ್ದು. ಹಂಗೇ ಬರ್ಕೊಳಿ."

ಬರೆದುಕೊಂಡರು. ಓದಿ ಹೇಳಿದರು. ಮಾವ ಬಗ್ಗಿ ಅದರ ಕೆಳಗೆ ನಿಧಾನವಾಗಿ ಸಹಿ ಹಾಕಿದರು.

ಕೇಸು ಇನ್ನೂ ನಡೆಯುತ್ತಿದೆ. ವಿಮಾನ ಯಾಕೆ ಬಿತ್ತು ಎಂದು ಅವರು ಒಂದು ದಿನ ಹೇಳಲೇಬೇಕಾಗುತ್ತದೆ. ಹೇಳಿದ ಮೇಲೆ, ಅದರ ಕಾರಣ ಕೇಳಿದ ಮೇಲೆ, ಒಂದು ವೇಳೆ ನಾನು ಅದನ್ನು ಕ್ಷಮಿಸಿದರೂ ಕ್ಷಮಿಸಬಹುದು. ಮಾವನನ್ನು ಆ ವಯಸ್ಸಿನಲ್ಲಿ ಕಟಕಟೆಗೆ ಹತ್ತಿಸಿ, ಮಾತಿಗೆ ತಪ್ಪಿದೆ ಎನ್ನುವುದನ್ನು ಅವರ ಬಾಯಿಂದ ಹೊರಡಿಸಿದ್ದನ್ನು ಮಾತ್ರ ಕ್ಷಮಿಸುವುದಿಲ್ಲ.